ಹಳೇ ಗೋಲಿಗೆ ಸಾಣೆ ಹಿಡಿದರೆ ತಪ್ಪೇನು?

ಗೋಲಿ ಇರುವುದೇ ಏಟು ತಿನ್ನುವುದಕ್ಕೆ. ಒಂದಕ್ಕೊಂದು ತಾಗಿ ಟಕ್ ಅನ್ನದಿದ್ದರೆ ಅದೆಂಥ ಆಟ? ಹಾಗಾಗಿ ನೂರೈವತ್ತು ವರ್ಷ ಹಳೆಯ ಗಾಜಿನ ಗೋಲಿಯೊಂದು ಗೀರೂ ಇಲ್ಲದೆ ಸಿಕ್ಕಿದರೆ, ಅದನ್ನು ಯಾರೂ ಹೆಚ್ಚು ಆಡಲಿಲ್ಲ ಅಂತಲೇ ತಿಳಿಯಬೇಕು. ಸಂಗ್ರಹಕಾರರ ಪೇಟೆಯಲ್ಲಿ ಜಾಸ್ತಿ ಬೆಲೆ ಬರುವುದೂ ಅಂಥದ್ದಕ್ಕೇ. ಏಟು ತಿಂದ ಗೋಲಿಯನ್ನು ಉಜ್ಜಿ, ಕಾಯಿಸಿ, ಅಂಟು ತುಂಬಿ ಮತ್ತೆ ಹೊಳೆಯುವಂತೆ ಮಾಡುವ ಕಸುಬು ಹುಟ್ಟಿಕೊಂಡಿದ್ದು ಈ ಬೆಲೆಯ ದೆಸೆಯಿಂದ. ಅದು ಸರಿಯೋ ತಪ್ಪೋ ಎಂಬ ಜಗಳ ಅಮೆರಿಕದ ಗೋಲಿ ಸಂಗ್ರಹಕಾರರ ನಡುವೆ ದಶಕಗಳಿಂದ ನಡೆದೇ ಇದೆ. ಒಬ್ಬರು ಪಾಲಿಶ್ ಅಂದಿದ್ದನ್ನು ಇನ್ನೊಬ್ಬರು ಬಫ್, ಅಂದರೆ ಮೇಲೆ ಮೇಲೆ ತಿಕ್ಕಿದ್ದು, ಅನ್ನುತ್ತಾರೆ, ಮತ್ತೊಬ್ಬರು ಸುಮ್ನೆ ಕ್ಲೀನ್ ಮಾಡಿದ್ದು ಅನ್ನುತ್ತಾರೆ. ಹೊಸಬರಿಗೆ ತಲೆಬುಡ ತಿಳಿಯುವುದಿಲ್ಲ. ಮೊದಲಿನಿಂದಲೇ ನೋಡಿಕೊಂಡು ಬರುವುದು ವಾಸಿ.

ಈ ಗೋಲಿಗಳ ತವರು ಜರ್ಮನಿಯ ತುರಿಂಗಿಯಾದ ಲೌಶಾ ಎಂಬ ಗಾಜುಗಾರರ ಊರು. 1840ರ ದಶಕದಲ್ಲಿ ಅಲ್ಲಿ ಒಂದು ವಿಶೇಷ ಕತ್ತರಿ ಬಂತು. ಎಲಿಯಾಸ್ ಗ್ರೈನರ್ ಎಂಬುವರು ಅದನ್ನು ಮಾಡಿದ್ದು ಎನ್ನುತ್ತಾರೆ. ಅದರ ತುದಿಯಲ್ಲಿ ಒಂದು ಸಣ್ಣ ಬಟ್ಟಲು, ಜೊತೆಗೆ ಅಲಗು. ಗಾಜುಗಾರ ಮೊದಲು ಬಣ್ಣದ ಎಳೆಗಳನ್ನು ಇಟ್ಟು ಮೇಲೆ ತಿಳಿಗಾಜು ಹೊದಿಸುತ್ತಿದ್ದ. ಅದರ ಮೇಲೆ ಇನ್ನಷ್ಟು ಬಣ್ಣದ ಪಟ್ಟಿ ಹಾಕಿ, ಬಿಸಿ ಇರುವಾಗಲೇ ಎಳೆದು ತಿರುಚಿ ಉದ್ದ ಕೋಲು ಮಾಡುತ್ತಿದ್ದ. ಆ ಕೋಲಿನ ತುದಿಯನ್ನು ಬಟ್ಟಲಿಗೆ ಕೊಟ್ಟು, ತಿರುಗಿಸಿ ದುಂಡು ಮಾಡಿ, ಅಲಗಿನಿಂದ ಕತ್ತರಿಸಿದರೆ ಒಂದು ಗೋಲಿ. ಕತ್ತರಿಸಿದ ಕಡೆ, ಹೆಚ್ಚಾಗಿ ಗೋಲಿಯ ಎರಡೂ ತುದಿಗಳಲ್ಲಿ, ಒರಟು ಗುರುತು ಉಳಿಯುತ್ತಿತ್ತು. ಇದಕ್ಕೆ ಪಾಂಟಿಲ್ ಅನ್ನುತ್ತಾರೆ. ಮಗುವಿಗೆ ಹೊಕ್ಕುಳು ಹೇಗೋ, ಕೈಯಲ್ಲಿ ಮಾಡಿದ ಗೋಲಿಗೆ ಈ ಗುರುತು ಹಾಗೆ. ಮುಂದಿನ ಜಗಳದಲ್ಲಿ ಅರ್ಧ ಇದರ ಸುತ್ತಲೇ ಇದೆ.

ಆಮೇಲಿನ ಎಪ್ಪತ್ತು ವರ್ಷವನ್ನು ಬೇಗ ಹೇಳಿ ಮುಗಿಸಬಹುದು. ಲೌಶಾದ ಗೋಲಿಗಳು ಹಡಗು ಹತ್ತಿ ಅಮೆರಿಕಕ್ಕೆ ಹೋದವು. ಅಲ್ಲಿ ಒಹಾಯೋದ ಏಕ್ರನ್ ಊರಿನ ಮಾರ್ಟಿನ್ ಕ್ರಿಸ್ಟೆನ್ಸೆನ್ 1905ರಲ್ಲಿ ಗೋಲಿ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಮೊದಲ ಮಹಾಯುದ್ಧ ಬಂದು ಜರ್ಮನಿಯ ಮಾಲು ನಿಂತಿತು. ಯಂತ್ರದಲ್ಲಿ ಗೋಲಿ ಮಾಡುವ ಆಕ್ರೋ ಅಗೇಟ್‌ನಂಥ ಕಂಪನಿಗಳು ಪೇಟೆ ಹಿಡಿದವು. (ಇಂಗ್ಲೆಂಡಿನ ಹಿರಮ್ ಕಾಡ್ 1872ರಲ್ಲಿ ಪೇಟೆಂಟ್ ಮಾಡಿಸಿದ, ಕತ್ತಿನಲ್ಲಿ ಗೋಲಿ ಇರುವ ಬಾಟಲಿಯೂ ಇದೇ ಕಾಲದ್ದು. ನಮ್ಮ ಗೋಲಿ ಸೋಡಾದ ಬಾಟಲಿ ಅದೇ. ಅಲ್ಲಿನ ಮಕ್ಕಳು ಗೋಲಿಯ ಆಸೆಗೆ ಬಾಟಲಿಯನ್ನೇ ಒಡೆಯುತ್ತಿದ್ದರಂತೆ. ನಮ್ಮ ಕಡೆಯವರು ಏನು ಕಮ್ಮಿ ಒಡೆದಿಲ್ಲ.)

ಅಜ್ಜಂದಿರ ಡಬ್ಬಿಯಲ್ಲಿ ಬಿದ್ದಿದ್ದ ಜರ್ಮನ್ ಗೋಲಿಗಳಿಗೆ ನಿಜವಾದ ಬೆಲೆ ಬಂದಿದ್ದು 1970ರ ದಶಕದಿಂದ ಈಚೆಗೆ. 1975ರಲ್ಲಿ ಅಮೆರಿಕದಲ್ಲಿ ಗೋಲಿ ಸಂಗ್ರಹಕಾರರ ಸಂಘ ಶುರುವಾಯಿತು. ಯಾವ ಬಗೆ, ಎಷ್ಟು ದಪ್ಪ, ಮೈ ಹೇಗಿದೆ ಎಂದು ನೋಡಿ ದರ್ಜೆ ಕೊಡುವುದು ಬಂತು. ಮಿಂಟ್, ಅಂದರೆ ಹೊಸದರಂತೆ ಏಟೇ ತಿನ್ನದ್ದು, ಅದಕ್ಕಿಂತ ಸ್ವಲ್ಪ ಕೆಳಗಿನ ನಿಯರ್ ಮಿಂಟ್, ಹೀಗೆ ಇಳಿಯುತ್ತಾ ಹೋಗುತ್ತದೆ. ಒಂದೊಂದು ಮೆಟ್ಟಿಲು ಇಳಿದಾಗಲೂ ಬೆಲೆ ದೊಪ್ಪನೆ ಬೀಳುತ್ತದೆ. ಒಂದು ಚಕ್ಕೆ ಹಾರಿದ್ದರೆ, ಗಾಜಿನೊಳಗೆ ಅರ್ಧಚಂದ್ರಾಕಾರದ ಸಣ್ಣ ಬಿರುಕಿದ್ದರೆ ಸಾಕು. ಅಂದಮೇಲೆ ಆ ಚಕ್ಕೆಯನ್ನು ಮಾಯ ಮಾಡಿದರೆ ಹೇಗೆ ಎಂಬ ಯೋಚನೆ ಯಾರಿಗಾದರೂ ಬರದೇ ಇರುತ್ತದೆಯೇ?

ಸಾಧನ ಹುಡುಕಿಕೊಂಡು ಹೋಗಬೇಕಿರಲಿಲ್ಲ. ಬಣ್ಣದ ಕಲ್ಲನ್ನು ಉಂಡೆ ಮಾಡುವ ಹವ್ಯಾಸಿಗಳ ಬಳಿ ಯಂತ್ರ ಆಗಲೇ ಇತ್ತು. ಮೂರು ಕಡೆಯಿಂದ ಮೂರು ಸಣ್ಣ ಬಟ್ಟಲುಗಳು ತಿರುಗುತ್ತಿರುತ್ತವೆ. ನಡುವೆ ಗೋಲಿ. ಮೊದಲು ತರಿ ತರಿಯಾದ ಸಿಲಿಕಾನ್ ಕಾರ್ಬೈಡ್ ಪುಡಿ ನೀರಿನ ಜೊತೆ, ಆಮೇಲೆ ನುಣ್ಣನೆಯದು, ಅದಕ್ಕಿಂತ ನುಣ್ಣನೆಯದು. ಕೊನೆಗೆ ಬಟ್ಟಲಿಗೆ ಚರ್ಮವನ್ನೋ ಫೆಲ್ಟನ್ನೋ ಹಾಕಿ ಸೀರಿಯಂ ಆಕ್ಸೈಡ್. ಕನ್ನಡಕದ ಗಾಜಿಗೂ ಹೊಳಪು ಕೊಡುವ ಪುಡಿ ಇದು. ಅವಸರ ಮಾಡಿ ಗಾಜು ಕಾದರೆ ಹೊಸ ಬಿರುಕು ಬಿಡುತ್ತದೆ. ನಿಧಾನಕ್ಕೆ ಮಾಡಿದರೆ ಮಂಜು ಕವಿದಂತಿದ್ದ ಗೋಲಿ ತಿಳಿಯಾಗಿ ಹೊರಗೆ ಬರುತ್ತದೆ. ನೋಡಲು ಚೆನ್ನಾಗಿರುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಲೆಕ್ಕ ಹಾಕಿ ನೋಡಿ. ಮುಕ್ಕಾಲು ಇಂಚಿನ, ಅಂದರೆ ಸುಮಾರು 19 ಮಿಲಿಮೀಟರ್ ಗೋಲಿಯಲ್ಲಿ ಒಂದೇ ಒಂದು ಕಡೆ 1 ಮಿಲಿಮೀಟರ್ ಆಳದ ಚಕ್ಕೆ ಹೋಗಿದೆ ಅನ್ನಿ. ಆ ಗುಳಿ ಹೋಗಬೇಕು, ಗೋಲಿ ದುಂಡಗೂ ಉಳಿಯಬೇಕು ಅಂದರೆ ಸುತ್ತಲೂ 1 ಮಿಲಿಮೀಟರ್ ಕೆರೆಯಲೇಬೇಕು. ಉಳಿಯುವುದು 17 ಮಿಲಿಮೀಟರ್. ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಗಾಜು ಕೆಸರಾಗಿ ಚರಂಡಿ ಸೇರಿರುತ್ತದೆ. ಜೊತೆಗೆ ಪಾಂಟಿಲ್ ಗುರುತೂ ಹೋಯಿತು. ಹೊರಗಿನ ಬಣ್ಣದ ಪಟ್ಟಿಗಳು ಇರುವುದು ಮೇಲ್ಮೈಗೆ ತೀರಾ ಹತ್ತಿರದಲ್ಲಿ, ಆದ್ದರಿಂದ ಅವೂ ಅಲ್ಲಲ್ಲಿ ತೆಳುವಾಗಿ ತುಂಡಾಗುತ್ತವೆ. ಒಂದು ಚಕ್ಕೆಗಾಗಿ ಇಷ್ಟು ಕೊಡಬೇಕೇ ಎಂದು ಕೇಳುವವರನ್ನು ಮಡಿವಂತರು ಎಂದು ತಳ್ಳಿಹಾಕುವುದು ಕಷ್ಟ.

ಪಾಲಿಶ್ ಪರವಾಗಿರುವವರ ಹತ್ತಿರವೂ ಒಳ್ಳೆಯ ವಾದ ಇದೆ. ಹಳೆಯ ದೊಡ್ಡ ಗೋಲಿಗಳಲ್ಲಿ ಕೆಲವನ್ನು ಜರ್ಮನಿಯಲ್ಲಿ ಮಾಡಿದವರೇ ಪಾಂಟಿಲ್ ಜಾಗದಲ್ಲಿ ಉಜ್ಜಿ ನುಣುಪು ಮಾಡಿ ಕಳಿಸಿದ್ದರು. ಹಾಗಾದರೆ ಉಜ್ಜುವುದೇ ಪಾಪ ಹೇಗಾಗುತ್ತದೆ? ಇನ್ನು ಪಕ್ಕದ ಪೇಟೆ ನೋಡಿ ಅನ್ನುತ್ತಾರೆ ಅವರು. 19ನೇ ಶತಮಾನದ ನಡುವಿನ ಫ್ರೆಂಚ್ ಪೇಪರ್‌ವೇಟ್‌ಗಳಿಗೆ, ಅಂದರೆ ಬಕ್ಕರಾ, ಕ್ಲಿಶಿಯಂಥ ಕಾರ್ಖಾನೆಗಳ ಮಾಲಿಗೆ, ಮತ್ತೆ ಪಾಲಿಶ್ ಮಾಡಿಸುವುದು ಮಾಮೂಲಿ. ಆಕಾರ ಕೆಡದಿದ್ದರೆ ಕೊಳ್ಳುವವರು ಅಷ್ಟಾಗಿ ಮುಖ ತಿರುಗಿಸುವುದಿಲ್ಲ. ಅದೂ ಗಾಜೇ, ಇದೂ ಗಾಜೇ ಅಲ್ವಾ? ಹೌದು. ಆದರೆ ಪೇಪರ್‌ವೇಟಿನ ಒಳಗಿನ ಗಾಜಿನ ಹೂವು ದಪ್ಪ ತಿಳಿಗಾಜಿನ ಅಡಿಯಲ್ಲಿ ಆರಾಮಾಗಿ ಕೂತಿರುತ್ತದೆ. ಮೇಲಿನಿಂದ ಸ್ವಲ್ಪ ತೆಗೆದರೆ ಅದಕ್ಕೇನೂ ಆಗುವುದಿಲ್ಲ. ಪಟ್ಟಿಯ ಗೋಲಿಗೆ ಅಂಥ ಉಳಿತಾಯ ಇಲ್ಲ.

ಇದೇ ಕಾರಣಕ್ಕೆ ಕಟ್ಟಾ ವಿರೋಧಿಗಳೂ ಒಂದು ಕಡೆ ಸಡಿಲ ಬಿಡುತ್ತಾರೆ: ಸಲ್ಫೈಡ್ ಗೋಲಿಗಳಲ್ಲಿ. ಇವು ದೊಡ್ಡವು, ಮೈಯೆಲ್ಲ ತಿಳಿಗಾಜು, ನಡುವೆ ಒಂದು ಬಿಳಿ ಬೊಂಬೆ. ನಾಯಿ, ಕುರಿ, ಹಕ್ಕಿ, ಅಪರೂಪಕ್ಕೆ ಮನುಷ್ಯ. ಬೊಂಬೆಯ ಸುತ್ತ ಸಿಕ್ಕಿಕೊಂಡ ತೆಳು ಗಾಳಿಯಿಂದಾಗಿ ಅದು ಬೆಳ್ಳಿಯದೇನೋ ಎಂಬ ಹಾಗೆ ಮಿನುಗುತ್ತದೆ. ಆಡಿ ಆಡಿ ಹೊರಮೈ ಪೂರ್ತಿ ಮಸುಕಾದರೆ ಒಳಗಿರುವುದು ಕುರಿಯೋ ನಾಯಿಯೋ ಗೊತ್ತಾಗುವುದಿಲ್ಲ. ಇಂಥದ್ದನ್ನು ಪಾಲಿಶ್ ಮಾಡಿದರೆ ಹೋಗುವುದು ಬರೀ ತಿಳಿಗಾಜು, ಕಾಣುವುದು ಬೊಂಬೆ. ಹಾಗಿದ್ದೂ ಪಾಲಿಶ್ ಆಗಿದೆ ಎಂದು ಹೇಳಿಯೇ ಮಾರಬೇಕು, ಮಿಂಟ್ ಅನ್ನುವಂತಿಲ್ಲ ಎಂಬುದು ನಿಯಮ.

ಪಾಲಿಶ್ ಆಗಿದ್ದನ್ನು ಹಿಡಿಯುವುದು ಪಳಗಿದ ಕಣ್ಣಿಗೆ ಅಷ್ಟೇನೂ ಕಷ್ಟವಿಲ್ಲ. ಹೆಚ್ಚು ಗೊಂದಲ ತಂದಿದ್ದು ಬೆಂಕಿಯ ದಾರಿ. 20ನೇ ಶತಮಾನದ ಕೊನೆಗೆ ಅಮೆರಿಕದಲ್ಲಿ ಕೈಯಲ್ಲಿ ಗೋಲಿ ಮಾಡುವ ಹೊಸ ಕಲಾವಿದರು ಬಂದರು. ಗಾಜು ಕಾಯಿಸುವ ಬೆಂಕಿಯ ಟಾರ್ಚು, ಸಣ್ಣ ಕುಲುಮೆ ಮನೆ ಮನೆಗೆ ಸಿಗತೊಡಗಿದವು. ಗೋಲಿಯನ್ನು ನಿಧಾನಕ್ಕೆ ಕಾಯಿಸಿ, ಮೇಲ್ಮೈ ಮಾತ್ರ ಮೆತ್ತಗಾಗುವಷ್ಟು ಬಿಸಿ ಕೊಟ್ಟರೆ ಗೀರುಗಳು ತಾವೇ ಕೂಡಿಕೊಳ್ಳುತ್ತವೆ. ಗಾಜು ಕಳೆಯುವುದಿಲ್ಲ. ಪಾಂಟಿಲ್ ಕೂಡ ಪೂರ್ತಿ ಹೋಗುವುದಿಲ್ಲ, ಅದರ ಚೂಪು ಮಾತ್ರ ಕರಗಿ ಮೊಂಡಾಗುತ್ತದೆ. ಆಮೇಲೆ ಗಂಟೆಗಟ್ಟಲೆ ನಿಧಾನವಾಗಿ ತಣಿಸಬೇಕು. ತಪ್ಪಿದರೆ ಗೋಲಿ ಎರಡು ಹೋಳು. ಹಳೆಯ ಗೋಲಿಯಲ್ಲಿ ಒಂದೊಂದು ಬಣ್ಣದ ಗಾಜು ಒಂದೊಂದು ರೀತಿ ಹಿಗ್ಗಿ ಕುಗ್ಗುತ್ತದೆ, ಹಾಗಾಗಿ ಅಪಾಯ ಇನ್ನೂ ಜಾಸ್ತಿ. ಚಿನ್ನದಂತೆ ಮಿಂಚುವ ಪಟ್ಟಿ ಇರುವ ಲಟ್ಜ್ ಎಂಬ ಬಗೆಯ ಗೋಲಿಗಳಂತೂ ಬೇಡವೇ ಬೇಡ. ಅವುಗಳ ಚಿನ್ನದ ಮಿಂಚು ನಿಜದಲ್ಲಿ ತಾಮ್ರದ ಸಣ್ಣ ಹರಳುಗಳದ್ದು. ಬಿಸಿ ಮೀರಿದರೆ ಆ ಮಿಂಚೇ ಸತ್ತುಹೋಗುತ್ತದೆ.

ಮೂರನೆಯದು ಅಂಟು. ಗಾಜಿನಷ್ಟೇ ಬೆಳಕನ್ನು ಬಾಗಿಸುವ ತಿಳಿ ಎಪಾಕ್ಸಿಯನ್ನು ಗುಳಿಗೆ ತುಂಬಿ ನುಣುಪು ಮಾಡುತ್ತಾರೆ. ಮ್ಯೂಸಿಯಂಗಳಲ್ಲಿ ಒಡೆದ ಗಾಜಿಗೆ ಮಾಡುವುದೂ ಇದನ್ನೇ. ಅಲ್ಲಿನವರ ಮೊದಲ ಪ್ರಶ್ನೆ: ನಾಳೆ ಬೇಡ ಅನ್ನಿಸಿದರೆ ಇದನ್ನು ತೆಗೆಯಬಹುದೇ? ಅಂಟನ್ನು ತೆಗೆಯಬಹುದು, ಏನು ಮಾಡಿದೆವು ಎಂದು ಬರೆದಿಡಬಹುದು. ಉಜ್ಜಿದ್ದನ್ನು ವಾಪಸ್ ತರಲಾಗುವುದಿಲ್ಲ, ಕಾಯಿಸಿದ್ದನ್ನೂ ಅಷ್ಟೇ. ಗೋಲಿ ಪೇಟೆಯಲ್ಲಿ ಮಾತ್ರ ಅಂಟಿಗೆ ಮೋಸದ ಹೆಸರು ಬಂತು, ಪಾಲಿಶ್‌ಗೆ ಅರ್ಧ ಮಾನ್ಯತೆ ಸಿಕ್ಕಿತು. ಅಂಟು ತುಂಬಿದ್ದನ್ನು ಹೇಳದೆ ಮಾರಿದ್ದೇ ಇದಕ್ಕೆ ಕಾರಣ ಇರಬಹುದು. ವಸ್ತುವಿನ ಮಟ್ಟಿಗೆ ನೋಡಿದರೆ ಮ್ಯೂಸಿಯಂನವರ ಲೆಕ್ಕವೇ ನನಗೆ ನೇರವಾಗಿ ಕಾಣುತ್ತದೆ.

ಆನ್‌ಲೈನ್ ಹರಾಜು ಬಂದ ಮೇಲೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡುವುದು ತಪ್ಪಿತು. ಫೋಟೋ ಅಷ್ಟೇ. ಮಸುಕಾದ ಗೋಲಿಗೆ ಮಿನರಲ್ ಆಯಿಲ್ ಸವರಿದರೆ ಸಾಕು, ಸಣ್ಣ ಗೀರುಗಳೆಲ್ಲ ತುಂಬಿಕೊಂಡು ಫೋಟೋದಲ್ಲಿ ಮಿಂಟ್ ಆಗಿಬಿಡುತ್ತದೆ. ಮನೆಗೆ ಬಂದು ಸೋಪಿನಲ್ಲಿ ತೊಳೆದಾಗ ನಿಜ ಬಣ್ಣ. ಹಾಗಾಗಿ ಕೊಳ್ಳುವವರು ಈಗ ಒಣಗಿದ ಗೋಲಿಯ ಫೋಟೋ ಕೇಳುತ್ತಾರೆ, ಎರಡೂ ಪಾಂಟಿಲ್ ತೋರಿಸಿ ಅನ್ನುತ್ತಾರೆ. ಕೈಗೆ ಬಂದ ಮೇಲೆ ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿಯುತ್ತಾರೆ. ಕತ್ತಲಲ್ಲಿ ಯುವಿ ದೀಪ ಹಾಕಿದರೆ ಅಂಟು ಇರುವ ಜಾಗ ಎಷ್ಟೋ ಸಲ ಗಾಜಿಗಿಂತ ಬೇರೆ ಥರ ಹೊಳೆಯುತ್ತದೆ. ಕಾಯಿಸಿದ್ದಕ್ಕೆ ಅಂಥ ಸುಲಭದ ಪರೀಕ್ಷೆ ಇಲ್ಲ. ಪಾಂಟಿಲ್ ಅಂಚು ಮೊಂಡಾಗಿದೆಯಾ, ಹಳೆಯ ಗೋಲಿಯ ಮೈ ಅನುಮಾನ ಬರುವಷ್ಟು ಒದ್ದೆ ಒದ್ದೆಯಾಗಿ ಹೊಳೆಯುತ್ತಿದೆಯಾ ಎಂದು ನೋಡಬೇಕು. ಇಬ್ಬರು ಅನುಭವಿಗಳು ಒಂದೇ ಗೋಲಿ ನೋಡಿ ಬೇರೆ ಬೇರೆ ಮಾತು ಹೇಳುವುದು ಹೆಚ್ಚಾಗಿ ಇಲ್ಲಿಯೇ. ಅಂಥ ಗೋಲಿಗೆ ಕೊಳ್ಳುವವರು ಕಾಯಿಸಿದ ಗೋಲಿಯ ಬೆಲೆ ಹೇಳುತ್ತಾರೆ, ಮಾರುವವರು ಮಿಂಟ್ ಬೆಲೆ ಕೇಳುತ್ತಾರೆ.