ಲೆಕ್ಕಕ್ಕೆ ಬಂತಾ ನನ್ನ ಓಟು? ಆ ಚೀಟಿ ಎಸೆಯಬೇಡಿ

ಅಮೆರಿಕದಲ್ಲಿ ಚುನಾವಣೆ ನಡೆಯುವುದು ನವೆಂಬರ್ ಶುರುವಿನಲ್ಲಿ. ಇಲ್ಲಿನ ಕನ್ನಡ ಕೂಟಗಳ ರಾಜ್ಯೋತ್ಸವವೂ ಅದೇ ತಿಂಗಳು. ನಾನು ಕ್ಯಾಲಿಫೋರ್ನಿಯಾದ ಒಂದು ಕೌಂಟಿಯ ಚುನಾವಣಾ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ ಅಂತ ಬಹಳ ಜನಕ್ಕೆ ಗೊತ್ತು. ಹಾಗಾಗಿ ಊಟದ ಸಾಲಿನಲ್ಲಿ ಯಾರಾದರೂ ಬಂದು ಓಟಿನ ವಿಷಯ ತೆಗೆಯುತ್ತಾರೆ. ಕಳೆದ ಸಲ ಬಂದವರು ಮೈಸೂರು ಕಡೆಯ ಹಿರಿಯರು. ಪೌರತ್ವ ಸಿಕ್ಕ ಮೇಲೆ ಅವರ ಮೊದಲ ಓಟು ಅದು.

"ಏನಮ್ಮಾ, ನನ್ನದನ್ನ ಎಲ್ಲರ ಓಟಿನ ಜೊತೆ ಹಾಕಲೇ ಇಲ್ಲ. ಬೇರೆ ಕವರ್‌ಗೆ ಹಾಕಿ ಅಂಟಿಸಿಬಿಟ್ಟರು. ಅದು ಲೆಕ್ಕಕ್ಕೆ ಬಂತಾ?"

"ಅಂಕಲ್, ಆಗ ಒಂದು ಚೀಟಿ ಕೊಟ್ಟಿರಬೇಕಲ್ವಾ?"

"ಕೊಟ್ಟರು. ಕಾರಲ್ಲೇ ಎಲ್ಲೋ ಬಿದ್ದಿರಬೇಕು."

ಅವರು ಹಾಕಿದ್ದು ಪ್ರಾವಿಷನಲ್ ಬ್ಯಾಲೆಟ್. ಪಟ್ಟಿಯಲ್ಲಿ ಹೆಸರು ಸಿಗಲಿಲ್ಲ, ಅಥವಾ ಅಂಚೆಯಲ್ಲಿ ಬಂದ ಮತಪತ್ರ ಕಳೆದುಹೋಗಿದೆ, ಅಥವಾ ಮತಗಟ್ಟೆ ಬೇರೆ. ಇಂಥ ಕಾರಣಕ್ಕೆ ಯಾರನ್ನೂ ವಾಪಸ್ ಕಳಿಸುವಂತಿಲ್ಲ. ಮೊದಲು ಓಟು ಹಾಕಿಸಿಕೊಳ್ಳುತ್ತಾರೆ, ಆಮೇಲೆ ಪರಿಶೀಲಿಸುತ್ತಾರೆ. ನಮ್ಮವರಿಗೆ ಇಲ್ಲೊಂದು ಗೊಂದಲ ಜಾಸ್ತಿ. ಭಾರತದಲ್ಲಿ ನಿಮ್ಮ ಹೆಸರಲ್ಲಿ ಬೇರೆ ಯಾರೋ ಆಗಲೇ ಓಟು ಹಾಕಿದ್ದರೆ ನಿಮಗೆ ಟೆಂಡರ್ಡ್ ಬ್ಯಾಲೆಟ್ ಕೊಡುತ್ತಾರೆ. ಅದನ್ನು ಲಕೋಟೆಯಲ್ಲಿ ಇಡುತ್ತಾರೆ, ಕೋರ್ಟ್ ಹೇಳದ ಹೊರತು ಎಣಿಸುವುದಿಲ್ಲ. ಇದೂ ಹಾಗೇ ಅಂದುಕೊಂಡು ಎಷ್ಟೋ ಜನ ಚೀಟಿಯನ್ನು ಕಸದ ಬುಟ್ಟಿಗೆ ಹಾಕುತ್ತಾರೆ. ಪ್ರಾವಿಷನಲ್ ಓಟು ಹಾಕಿದವರು ಅರ್ಹರು ಅಂತ ಖಚಿತವಾದರೆ ಅದನ್ನು ಎಣಿಸಲೇಬೇಕು. ಗೆಲುವಿನ ಅಂತರ 10 ಇರಲಿ, 10 ಲಕ್ಷ ಇರಲಿ, ಎಣಿಸುತ್ತೇವೆ. ಕೊನೆಗೆ ಎಣಿಸುವುದರಿಂದ, ಅಷ್ಟರಲ್ಲಿ ಟೀವಿಯಲ್ಲಿ ಗೆದ್ದವರ ಹೆಸರು ಬಂದಿರುತ್ತದೆ ಅಷ್ಟೇ.

ಈ ಪದ್ಧತಿ ದೇಶಕ್ಕೆಲ್ಲ ಬಂದದ್ದು 2000ದ ಚುನಾವಣೆಯ ನಂತರ. ಫ್ಲಾರಿಡಾದಲ್ಲಿ ಜಾರ್ಜ್ ಬುಷ್ ಗೆದ್ದದ್ದು 537 ಓಟಿನಿಂದ. ಅಲ್ಲಿ ಪಟ್ಟಿಯಿಂದ ಹೆಸರು ಬಿಟ್ಟುಹೋಗಿ ಎಷ್ಟೋ ಜನ ಓಟು ಹಾಕಲಾಗದೆ ಮನೆಗೆ ಹೋಗಿದ್ದರು. 2002ರಲ್ಲಿ 'ಹೆಲ್ಪ್ ಅಮೆರಿಕ ವೋಟ್ ಆಕ್ಟ್' ಬಂತು. ಹಾಗೆ ಯಾರನ್ನೂ ಕಳಿಸಬೇಡಿ ಅಂತ ಹೇಳಿದ ಈ ಕಾನೂನು ಇನ್ನೊಂದು ಮಾತನ್ನೂ ಸೇರಿಸಿತು. ಓಟು ಎಣಿಕೆಯಾಯಿತೇ, ಆಗದಿದ್ದರೆ ಯಾಕೆ ಅಂತ ತಿಳಿದುಕೊಳ್ಳುವ ದಾರಿಯನ್ನು ಅಲ್ಲೇ ಬರೆದುಕೊಡಬೇಕು. ಅದಕ್ಕೆ ದುಡ್ಡು ಕೇಳುವಂತಿಲ್ಲ. ಫೋನ್ ನಂಬರ್ ಆಗಬಹುದು, ವೆಬ್‌ಸೈಟ್ ಆಗಬಹುದು. ಆ ಚೀಟಿ ಇರುವುದು ಅದಕ್ಕೇ.

'ಯಾಕೆ' ಅನ್ನುವುದು ಮುಖ್ಯ. 2004ರ ಅಧ್ಯಕ್ಷೀಯ ಚುನಾವಣೆಯಲ್ಲಿ ದೇಶದಾದ್ಯಂತ ಸುಮಾರು 19 ಲಕ್ಷ ಪ್ರಾವಿಷನಲ್ ಓಟು ಬಿದ್ದವು. ಎಣಿಕೆಗೆ ಬಂದದ್ದು ಸುಮಾರು 12 ಲಕ್ಷ. ಉಳಿದವರಲ್ಲಿ ಒಬ್ಬೊಬ್ಬರದು ಒಂದೊಂದು ಕಾರಣ. ಒಬ್ಬರು ನೋಂದಣಿಯನ್ನೇ ಮಾಡಿಸಿರುವುದಿಲ್ಲ. ಇನ್ನೊಬ್ಬರು ಕವರ್ ಮೇಲೆ ಸಹಿ ಮರೆತಿರುತ್ತಾರೆ. ಕೆಲವು ರಾಜ್ಯಗಳಲ್ಲಿ ಮತಗಟ್ಟೆ ತಪ್ಪಿದರೆ ಪೂರ್ತಿ ಓಟೇ ಹೋಗುತ್ತದೆ. ನಮ್ಮಲ್ಲಿ ಹಾಗಿಲ್ಲ. ಇಲ್ಲಿ ಒಂದೇ ಮತಪತ್ರದಲ್ಲಿ ಹಲವು ಸ್ಪರ್ಧೆಗಳಿರುತ್ತವೆ, ಅದರಲ್ಲಿ ನಿಮಗೆ ಹಕ್ಕಿರುವ ಸ್ಪರ್ಧೆಗಳ ಮಟ್ಟಿಗೆ ಎಣಿಸುತ್ತೇವೆ. ಕಾರಣ ಗೊತ್ತಾದರೆ ಮುಂದಿನ ಸಲಕ್ಕಾದರೂ ಅದನ್ನು ಸರಿಮಾಡಿಕೊಳ್ಳಬಹುದು.

ಆದರೆ ಈ ಕಾನೂನಿನ ಬಗ್ಗೆ ನನಗೊಂದು ಬೇಸರ ಇದೆ. ಕೇಳಿದವರಿಗೆ ತಿಳಿಸಿ ಅನ್ನುತ್ತದೆ, ನೀವಾಗಿ ಹೋಗಿ ತಿಳಿಸಿ ಅನ್ನುವುದಿಲ್ಲ. ಎಣಿಕೆ ಮುಗಿದ ಮೇಲೆ ಬರುವ ಉತ್ತರದಿಂದ ಆ ಓಟು ವಾಪಸ್ ಬರುವುದೂ ಇಲ್ಲ. ಗುರುತಿನ ಚೀಟಿ ತರದೆ ಪ್ರಾವಿಷನಲ್ ಓಟು ಹಾಕಿದವರಿಗೆ ಟೆಕ್ಸಾಸ್‌ನಲ್ಲಿ 6 ದಿನ ಸಮಯ, ಜಾರ್ಜಿಯಾದಲ್ಲಿ 3 ದಿನ. ಅಷ್ಟರೊಳಗೆ ಕಚೇರಿಗೆ ಹೋಗಿ ತೋರಿಸಬೇಕು. ಆ ಗಡುವಿನೊಳಗೆ ಒಂದು ಫೋನ್ ಕರೆ ಹೋದರೆ ಓಟು ಉಳಿಯುತ್ತದೆ. ಪ್ರತಿಯೊಂದು ಕಚೇರಿಯೂ ಆ ಕರೆ ಮಾಡಲೇಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಸಹಿಯ ವಿಷಯದಲ್ಲಿ ಕ್ಯಾಲಿಫೋರ್ನಿಯಾ 2018ರಿಂದ ಒಳ್ಳೆಯ ಕೆಲಸ ಮಾಡಿದೆ. ಕವರ್ ಮೇಲಿನ ಸಹಿ ನೋಂದಣಿಯಲ್ಲಿರುವ ಸಹಿಗೆ ಹೊಂದದಿದ್ದರೆ ಸುಮ್ನೆ ಪಕ್ಕಕ್ಕಿಡುವಂತಿಲ್ಲ. ಪತ್ರ ಬರೆದು, ಸರಿಪಡಿಸಲು ಅವಕಾಶ ಕೊಡಬೇಕು.

ಅಂಕಲ್ ಬಿಡಲಿಲ್ಲ. "ನಿಮ್ಮ ಕಂಪ್ಯೂಟರ್‌ನಲ್ಲೇ ಒಂದು ಸಲ ನೋಡಿ ಹೇಳಮ್ಮಾ." ಆಗುವುದಿಲ್ಲ ಅಂದೆ. ಆ ಮಾಹಿತಿ ಓಟು ಹಾಕಿದವರಿಗೆ ಮಾತ್ರ. ಹೆಂಡತಿಯ ಓಟಿನ ವಿಷಯ ಗಂಡ ಕೇಳಿದರೂ ಹೇಳುವಂತಿಲ್ಲ. ಅದರಲ್ಲೂ ಗೊತ್ತಾಗುವುದು ಎಣಿಕೆಯಾಯಿತೇ ಅನ್ನುವುದಷ್ಟೇ. ಯಾರಿಗೆ ಹಾಕಿದ್ದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಪರಿಶೀಲನೆ ಮುಗಿದ ಮೇಲೆ ಹೆಸರಿರುವ ಕವರನ್ನೂ ಒಳಗಿನ ಮತಪತ್ರವನ್ನೂ ಬೇರೆ ಮಾಡುತ್ತೇವೆ. ಆಮೇಲೆ ಯಾವುದು ಯಾರದು ಅಂತ ನಮಗೂ ತಿಳಿಯದು.

"ಕವರ್ ಮೇಲೆ ಸಹಿ ಹೇಗೆ ಹಾಕಿದಿರಿ ಅಂಕಲ್?"

"ಕನ್ನಡದಲ್ಲಿ. ಬ್ಯಾಂಕಿನಲ್ಲೂ ನಾನು ಯಾವಾಗಲೂ ಕನ್ನಡದಲ್ಲೇ ಹಾಕುತ್ತಿದ್ದದ್ದು."

"ನೋಂದಣಿ ಮಾಡಿಸುವಾಗ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದನ್ನ ಮಗ ಇಂಗ್ಲಿಷಿನಲ್ಲಿ ಹಾಕಿಸಿದ."

ಕನ್ನಡದಲ್ಲಿ ಸಹಿ ಹಾಕುವುದರಲ್ಲಿ ತಪ್ಪೇನಿಲ್ಲ. ಎರಡೂ ಕಡೆ ಒಂದೇ ಥರ ಇರಬೇಕು. ಮನೆಗೆ ಹೋದ ತಕ್ಷಣ ಅಂಚೆ ಡಬ್ಬಿ ನೋಡಿ ಅಂದೆ. ಅಂಗಡಿಗಳ ಜಾಹೀರಾತಿನ ರಾಶಿಯ ನಡುವೆ ಕೌಂಟಿಯ ಪತ್ರ ಸಿಕ್ಕಿತಂತೆ, ಇನ್ನೂ ಒಡೆದಿರಲಿಲ್ಲ. ಒಳಗಿದ್ದ ಫಾರ್ಮ್‌ಗೆ ಸಹಿ ಹಾಕಿ ಸೋಮವಾರವೇ ಕಳಿಸಿದರು. ಚೀಟಿ ಕಾರಿನ ಸೀಟಿನ ಕೆಳಗಿತ್ತು. ಡಿಸೆಂಬರ್‌ನಲ್ಲಿ ಅದರಲ್ಲಿದ್ದ ನಂಬರಿಗೆ ತಾವೇ ಫೋನ್ ಮಾಡಿ ಕೇಳಿದರು. ಆಮೇಲೆ ನನಗೊಂದು ವಾಯ್ಸ್ ಮೆಸೇಜ್ ಬಂತು: "ಬಂತಮ್ಮಾ, ಲೆಕ್ಕಕ್ಕೆ ಬಂತು."