ದೊಡ್ಡ ಚಾನೆಲ್ಲೋ, ಬೆಳೆಯುತ್ತಿರುವ ಚಾನೆಲ್ಲೋ? ಗೇಮ್ ಪ್ರಚಾರ ಸಾಗಿಬಂದ ದಾರಿ

ಗೇಮ್ ಸಿದ್ಧವಾಗಿದೆ, ಪ್ರಚಾರಕ್ಕೆ ಉಳಿದಿರುವ ದುಡ್ಡು ಸ್ವಲ್ಪ. ಅದನ್ನೆಲ್ಲ ಲಕ್ಷಗಟ್ಟಲೆ ಸಬ್‌ಸ್ಕ್ರೈಬರ್‌ಗಳಿರುವ ಒಬ್ಬ ಯೂಟ್ಯೂಬರ್‌ಗೆ ಕೊಡಬೇಕಾ, ಇಲ್ಲ ಈಗಷ್ಟೇ ಹೆಸರು ಮಾಡುತ್ತಿರುವ ಇಪ್ಪತ್ತು ಮಂದಿಗೆ ಹಂಚಬೇಕಾ? ಗೇಮ್ ಮಾಡುವ ಪ್ರತಿಯೊಂದು ಸಣ್ಣ ತಂಡಕ್ಕೂ ಈ ಪ್ರಶ್ನೆ ಎದುರಾಗುತ್ತದೆ. ಉತ್ತರ ಹುಡುಕುವ ಮೊದಲು, ಈ ಪ್ರಶ್ನೆ ಹುಟ್ಟಿದ್ದು ಹೇಗೆ ಅಂತ ನೋಡುವುದು ಒಳ್ಳೆಯದು. ಇಂದಿನ ದೊಡ್ಡ ಹೆಸರುಗಳಲ್ಲಿ ಎಷ್ಟೋ ಮಂದಿ ಯಾವುದೋ ಒಂದು ಗೇಮ್ ಜೊತೆಗೇ ಬೆಳೆದವರು.

ಮೊದಲೆಲ್ಲ ಗೇಮ್ ಸುದ್ದಿ ಬರುತ್ತಿದ್ದದ್ದು ಪತ್ರಿಕೆಗಳಿಂದ. ಜಪಾನಿನ ಗೇಮ್ ಕಂಪನಿ ನಿಂಟೆಂಡೊ 1988ರಲ್ಲಿ ತನ್ನದೇ ಪತ್ರಿಕೆ ಶುರು ಮಾಡಿತ್ತು. ಯಾವ ಗೇಮ್‌ಗೆ ಎಷ್ಟು ಜಾಗ ಅನ್ನುವುದು ಕೆಲವೇ ಸಂಪಾದಕರ ಕೈಯಲ್ಲಿತ್ತು. 2005ರಲ್ಲಿ ಯೂಟ್ಯೂಬ್ ಬಂತು, 2011ರಲ್ಲಿ ಆಟವನ್ನು ನೇರಪ್ರಸಾರ ಮಾಡುವ ಟ್ವಿಚ್ ಬಂತು. ಆಟ ಆಡುವವರೇ ಆಟ ತೋರಿಸುವವರೂ ಆದರು.

ಇದರ ಬಲ ಮೊದಲು ಕಂಡಿದ್ದು ಮೈನ್‌ಕ್ರಾಫ್ಟ್‌ನಲ್ಲಿ. 2009ರಲ್ಲಿ ಅರೆಬರೆ ರೂಪದಲ್ಲೇ ಅದು ಹೊರಬಂತು. ಟಿವಿ ಜಾಹೀರಾತು, ಪೋಸ್ಟರು ಯಾವುದೂ ಇರಲಿಲ್ಲ. ಆಡಿದವರು ತಾವು ಕಟ್ಟಿದ್ದನ್ನು ವಿಡಿಯೋ ಮಾಡಿ ಹಾಕಿದರು, ನೋಡಿದವರು ಕೊಂಡರು. 2014ರಲ್ಲಿ ಮೈಕ್ರೋಸಾಫ್ಟ್ ಆ ಗೇಮ್ ಮಾಡಿದ ಕಂಪನಿಯನ್ನು 250 ಕೋಟಿ ಡಾಲರ್‌ಗೆ ಕೊಂಡಿತು. 2010ರಲ್ಲಿ ಬಂದ ಆಮ್ನೀಸಿಯಾ ಅನ್ನುವ ಭಯದ ಆಟವನ್ನು ಕಿರುಚಾಡುತ್ತಾ ಆಡಿದವರಲ್ಲಿ ಒಬ್ಬರು ಪ್ಯೂಡಿಪೈ. ಆಗ ಅವರನ್ನು ಯಾರೂ ದುಡ್ಡು ಕೊಟ್ಟು ಕರೆದಿರಲಿಲ್ಲ. ಕರೆಯುವಷ್ಟು ಹೆಸರೇ ಇರಲಿಲ್ಲ. 2013ರ ಹೊತ್ತಿಗೆ ಯೂಟ್ಯೂಬ್‌ನಲ್ಲೇ ಅತಿ ಹೆಚ್ಚು ಸಬ್‌ಸ್ಕ್ರೈಬರ್‌ಗಳಿರುವ ಚಾನೆಲ್ ಅವರದಾಗಿತ್ತು. 2014ರಲ್ಲಿ ಬಂದ ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್ ಅನ್ನುವ ಆಟ ಮತ್ತು ಯೂಟ್ಯೂಬರ್ ಮಾರ್ಕಿಪ್ಲೈಯರ್ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ಗೇಮ್ ಅವರನ್ನು ಬೆಳೆಸಿತು, ಅವರು ಗೇಮನ್ನು ಬೆಳೆಸಿದರು.

ಎಲ್ಲ ಕಂಪನಿಗಳಿಗೂ ಇದು ಇಷ್ಟವಾಗಲಿಲ್ಲ. 2013ರಲ್ಲಿ ನಿಂಟೆಂಡೊ ತನ್ನ ಆಟಗಳ ವಿಡಿಯೋಗಳಿಂದ ಬರುವ ಜಾಹೀರಾತಿನ ದುಡ್ಡು ತನಗೇ ಸೇರಬೇಕು ಅಂದಿತು. 2015ರಲ್ಲಿ ಪಾಲು ಹಂಚುವ ಯೋಜನೆ ತಂದು, 2018ರ ಕೊನೆಗೆ ಅದನ್ನೂ ಕೈಬಿಟ್ಟಿತು.

ಉಳಿದ ಕಂಪನಿಗಳು ದುಡ್ಡು ಹಿಡಿದುಕೊಂಡು ದೊಡ್ಡ ಹೆಸರುಗಳ ಹಿಂದೆ ಬಿದ್ದವು. ಮೈಕ್ರೋಸಾಫ್ಟ್‌ನ ಗೇಮ್ ಯಂತ್ರ ಎಕ್ಸ್‌ಬಾಕ್ಸ್ ಒನ್ ಪ್ರಚಾರದಲ್ಲಿ ಮಶಿನಿಮಾ ಅನ್ನುವ ಯೂಟ್ಯೂಬ್ ಚಾನೆಲ್‌ಗಳ ಜಾಲ ಇಬ್ಬರು ಯೂಟ್ಯೂಬರ್‌ಗಳಿಗೆ 15,000 ಮತ್ತು 30,000 ಡಾಲರ್ ಕೊಟ್ಟಿತ್ತು. ನೋಡುವವರಿಗೆ ಅದು ಗೊತ್ತಿರಲಿಲ್ಲ. 2014ರಲ್ಲಿ ವಾರ್ನರ್ ಬ್ರದರ್ಸ್‌ನ ಶ್ಯಾಡೋ ಆಫ್ ಮೋರ್ಡೋರ್ ಬಂದಾಗ ವಿಷಯ ಇನ್ನೂ ಮುಂದೆ ಹೋಯಿತು. ಆ ಒಪ್ಪಂದವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಗೇಮ್ ಮುಂಚಿತವಾಗಿ ಉಚಿತ. ಜೊತೆಗೆ ಕೆಲವರಿಗೆ ನೂರಾರು, ಕೆಲವರಿಗೆ ಹತ್ತಾರು ಸಾವಿರ ಡಾಲರ್. ಪ್ರತಿಯಾಗಿ ವಿಡಿಯೋದಲ್ಲಿ ಗೇಮ್ ಬಗ್ಗೆ ಒಳ್ಳೆಯ ಮಾತೇ ಇರಬೇಕು, ಬಗ್ (ಗೇಮ್‌ನಲ್ಲಿನ ದೋಷ) ಕಂಡರೆ ತೋರಿಸಬಾರದು. ದುಡ್ಡು ಪಡೆದ ವಿಷಯವನ್ನು ವಿಡಿಯೋ ಕೆಳಗಿನ ವಿವರಣೆಯಲ್ಲಿ ಹಾಕಲು ಹೇಳಿದ್ದರು. ಅಲ್ಲಿ ‘ಶೋ ಮೋರ್’ ಒತ್ತದಿದ್ದರೆ ಅದು ಕಾಣುತ್ತಲೇ ಇರಲಿಲ್ಲ. ಪ್ಯೂಡಿಪೈ ಮಾಡಿದ ವಿಡಿಯೋ ಒಂದನ್ನೇ 37 ಲಕ್ಷಕ್ಕೂ ಹೆಚ್ಚು ಸಲ ನೋಡಲಾಗಿತ್ತು. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಮಶಿನಿಮಾವನ್ನು 2015ರಲ್ಲಿ, ವಾರ್ನರ್ ಅನ್ನು 2016ರಲ್ಲಿ ಹಿಡಿದು, ಇನ್ನು ಮುಂದೆ ಹೀಗೆ ಮುಚ್ಚಿಡಬಾರದು ಅಂತ ಒಪ್ಪಿಸಿತು. ಗೇಮ್ ಚೆನ್ನಾಗಿಯೇ ಇತ್ತು ಅನ್ನುವುದೇ ಇಲ್ಲಿ ಬೇಸರದ ಸಂಗತಿ. ಬಾಯಿ ಕಟ್ಟಿಹಾಕುವ ಅಗತ್ಯವೇ ಇರಲಿಲ್ಲ.

ದೊಡ್ಡ ಹೆಸರಿಗೆ ಅಂಟಿಕೊಂಡರೆ ಇನ್ನೊಂದು ಕಷ್ಟವೂ ಇದೆ. ಆ ವ್ಯಕ್ತಿಯ ತಪ್ಪು ನಮ್ಮ ಗೇಮ್‌ಗೂ ಮೆತ್ತಿಕೊಳ್ಳುತ್ತದೆ. 2017ರಲ್ಲಿ ಪ್ಯೂಡಿಪೈ ನೇರಪ್ರಸಾರದಲ್ಲಿ ಜನಾಂಗ ನಿಂದನೆಯ ಮಾತಾಡಿದಾಗ, ಫೈರ್‌ವಾಚ್ ಮಾಡಿದ ಕ್ಯಾಂಪೊ ಸ್ಯಾಂಟೊ ತಂಡ ತಮ್ಮ ಆಟದ ವಿಡಿಯೋ ಅವರ ಚಾನೆಲ್‌ನಲ್ಲಿ ಇರಬಾರದು ಅಂತ ಕಾಪಿರೈಟ್ ದೂರು ಕೊಟ್ಟಿತು.

ಹಾಗಂತ ದೊಡ್ಡವರಿಂದ ಪ್ರಯೋಜನವೇ ಇಲ್ಲ ಅಂದರೆ ಸುಳ್ಳಾಗುತ್ತದೆ. 2019ರ ಫೆಬ್ರವರಿಯಲ್ಲಿ ಏಪೆಕ್ಸ್ ಲೆಜೆಂಡ್ಸ್ ಅನ್ನುವ ಗೇಮ್ ಮುನ್ಸೂಚನೆಯೇ ಇಲ್ಲದಂತೆ ಬಂತು. ನೇರಪ್ರಸಾರದಲ್ಲಿ ಆಡಿ ತೋರಿಸುವ ದೊಡ್ಡ ಸ್ಟ್ರೀಮರ್‌ಗಳೆಲ್ಲ ಶುರುವಿನಲ್ಲೇ ಅದನ್ನು ಆಡಲು ಕೂತರು. ಅವರಲ್ಲಿ ನಿಂಜಾ ಅನ್ನುವ ಒಬ್ಬರಿಗೇ ಸುಮಾರು ಹತ್ತು ಲಕ್ಷ ಡಾಲರ್ ಕೊಟ್ಟಿದ್ದಾರೆ ಅಂತ ರಾಯಿಟರ್ಸ್ ವರದಿ ಮಾಡಿತು. ಒಂದೇ ವಾರದಲ್ಲಿ 2.5 ಕೋಟಿ ಜನ ಗೇಮ್ ಆಡಿದ್ದರು. ಆದರೆ ಆ ಗೇಮ್ ಉಚಿತ. ನೋಡುತ್ತಾ ನೋಡುತ್ತಾ ಇಳಿಸಿಕೊಂಡು ಗೆಳೆಯರ ಜೊತೆ ಆಡಬಹುದಿತ್ತು. ಬಂದ ಜನರನ್ನು ತಡೆದುಕೊಳ್ಳುವ ಸರ್ವರ್‌ಗಳೂ, ಮುಂದಿನ ತಿಂಗಳಿಗೆ ಹೊಸದೇನಾದರೂ ಕೊಡುವ ಕೈಗಳೂ ಕಂಪನಿಗೆ ಇದ್ದವು. ಇದ್ಯಾವುದೂ ಇಲ್ಲದ ಸಣ್ಣ ತಂಡಕ್ಕೆ ದೊಡ್ಡ ಸ್ಟ್ರೀಮರ್ ಬಂದ ದಿನ ಜಾತ್ರೆ, ಮರುದಿನ ಖಾಲಿ ಬಯಲು.

ದೊಡ್ಡ ಕಂಪನಿಗಳೂ ಆ ಹೊತ್ತಿಗೆ ಸಣ್ಣವರ ಕಡೆ ತಿರುಗಿದ್ದವು. ಫೋರ್ಟ್‌ನೈಟ್ ಗೇಮ್ ಮಾಡಿದ ಎಪಿಕ್ 2018ರಲ್ಲಿ ಸಪೋರ್ಟ್ ಎ ಕ್ರಿಯೇಟರ್ ಯೋಜನೆ ತಂದಿತು. ಶುರುವಿನಲ್ಲಿ 1,000 ಫಾಲೋವರ್‌ಗಳಿದ್ದರೆ ಸಾಕಿತ್ತು. ಫೋರ್ಟ್‌ನೈಟ್‌ನಲ್ಲಿ ಆಟಗಾರರು ನಿಮ್ಮ ಹೆಸರು ಹಾಕಿ ಖರ್ಚು ಮಾಡಿದ್ದರಲ್ಲಿ ನಿಮಗೆ 5%. 2020ರ ಏಪ್ರಿಲ್‌ನಲ್ಲಿ ರಾಯಟ್ ಕಂಪನಿಯ ವ್ಯಾಲರಂಟ್ ಗೇಮ್‌ನ ಬೀಟಾಕ್ಕೆ (ಪರೀಕ್ಷಾ ಆವೃತ್ತಿಗೆ) ಪ್ರವೇಶ ಬೇಕಾದರೆ ಆಯ್ದ ಸ್ಟ್ರೀಮರ್‌ಗಳ ಟ್ವಿಚ್ ಪ್ರಸಾರ ನೋಡಬೇಕಿತ್ತು. ಒಂದೇ ಹೊತ್ತಿಗೆ 17 ಲಕ್ಷ ಜನ ನೋಡಿದ್ದೂ ಉಂಟು. ಕೆಲ ದಿನಗಳಲ್ಲೇ ರಾಯಟ್ ಈ ಅವಕಾಶವನ್ನು ಗೇಮ್ ಆಡಿ ತೋರಿಸುವ ಎಲ್ಲ ಸ್ಟ್ರೀಮರ್‌ಗಳಿಗೂ ತೆರೆಯಿತು.

ಅದೇ ವರ್ಷದ ಅಮಂಗ್ ಅಸ್ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಬೆರಳೆಣಿಕೆಯ ಜನರ ಇನ್ನರ್‌ಸ್ಲಾತ್ ತಂಡ 2018ರಲ್ಲೇ ಅದನ್ನು ಹೊರತಂದಿತ್ತು. ಎರಡು ವರ್ಷ ಹೆಚ್ಚು ಜನ ತಿರುಗಿ ನೋಡಲಿಲ್ಲ. ಮೊದಲು ದಕ್ಷಿಣ ಕೊರಿಯಾ ಮತ್ತು ಬ್ರೆಜಿಲ್‌ನ ಕ್ರಿಯೇಟರ್‌ಗಳು ಆಡಿದರು. 2020ರ ಜುಲೈಯಲ್ಲಿ ಟ್ವಿಚ್‌ನ ದೊಡ್ಡ ಸ್ಟ್ರೀಮರ್ ಸೋಡಾಪಾಪಿನ್ ಆಡಿದ ಮೇಲೆ ಎಲ್ಲ ಕಡೆ ಹಬ್ಬಿತು. ಈ ಕಥೆ ಹೇಳುವಾಗ ಜನ ಕೊನೆಯ ಹೆಸರನ್ನಷ್ಟೇ ಹೇಳುತ್ತಾರೆ. ಅಷ್ಟು ದಿನ ಗೇಮನ್ನು ಜೀವಂತ ಇಟ್ಟವರನ್ನು ಮರೆಯುತ್ತಾರೆ, ಅಲ್ವಾ? ವ್ಯಾಂಪೈರ್ ಸರ್ವೈವರ್ಸ್ ಕೂಡ ಹಾಗೆಯೇ. 2021ರ ಡಿಸೆಂಬರ್‌ನಲ್ಲಿ ಸುಮಾರು 3 ಡಾಲರ್‌ಗೆ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಗೆ ಬಂತು. ಇಂಡಿ (ಸಣ್ಣ ಸ್ವತಂತ್ರ ತಂಡಗಳ) ಆಟಗಳನ್ನೇ ಆಡಿ ತೋರಿಸುವ ಚಾನೆಲ್‌ಗಳು ಅದನ್ನು ಎತ್ತಿಕೊಂಡವು. 2023ರಲ್ಲಿ ಎಲ್ಡನ್ ರಿಂಗ್, ಗಾಡ್ ಆಫ್ ವಾರ್ ರ‍್ಯಾಗ್ನರಾಕ್ ಎರಡನ್ನೂ ಹಿಂದಿಕ್ಕಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯ ವರ್ಷದ ಅತ್ಯುತ್ತಮ ಗೇಮ್ ಪ್ರಶಸ್ತಿ ಪಡೆಯಿತು.

ಎಲ್ಲ ಗೇಮ್‌ಗೂ ಒಂದೇ ಲೆಕ್ಕ ನಡೆಯುವುದಿಲ್ಲ. 2016ರಲ್ಲಿ ಬಂದ ‘ದ್ಯಾಟ್ ಡ್ರ್ಯಾಗನ್, ಕ್ಯಾನ್ಸರ್’ ಅನ್ನುವ ಗೇಮ್ ಒಂದು ಮಗುವಿನ ಕಾಯಿಲೆಯ ಕಥೆ. ಮೊದಲಿಂದ ಕೊನೆವರೆಗೆ ಆಡಿದ ವಿಡಿಯೋಗಳನ್ನು ತುಂಬಾ ಜನ ನೋಡಿದರು. ಆದರೆ ನೋಡಿದವರೆಲ್ಲ ಕೊಳ್ಳಲಿಲ್ಲ ಅಂತ ಮಾಡಿದವರೇ ನೊಂದು ಬರೆದರು. ಕಥೆಯೇ ಜೀವಾಳವಾಗಿರುವ ಗೇಮ್‌ಗೆ ಪೂರ್ತಿ ಆಡಿ ತೋರಿಸುವ ದೊಡ್ಡ ಚಾನೆಲ್‌ಗಿಂತ, ಮೊದಲ ಅರ್ಧ ಗಂಟೆ ಆಡಿ ಚೆನ್ನಾಗಿ ಮಾತಾಡುವ ಸಣ್ಣ ಚಾನೆಲ್ಲೇ ವಾಸಿ.

ಸ್ಟೀಮ್‌ಗೆ 2024ರಲ್ಲಿ ಬಂದ ಹೊಸ ಗೇಮ್‌ಗಳು 18,000ಕ್ಕೂ ಹೆಚ್ಚು. ದೊಡ್ಡ ಚಾನೆಲ್‌ಗಳ ಇನ್‌ಬಾಕ್ಸ್ ಹೇಗಿರಬಹುದು ಅಂತ ಯೋಚಿಸಿ. ಹಾಗಾಗಿ ಸಣ್ಣ ತಂಡ ಮೊದಲು ಬೆಳೆಯುತ್ತಿರುವವರ ಹತ್ತಿರ ಹೋಗಬೇಕು ಅನ್ನುವುದು ನನ್ನ ನಂಬಿಕೆ. ಆರಿಸುವಾಗ ಸಬ್‌ಸ್ಕ್ರೈಬರ್ ಸಂಖ್ಯೆ ಬಿಡಿ, ಕೊನೆಯ ಹತ್ತು ವಿಡಿಯೋ ತೆರೆಯಿರಿ. ನಮ್ಮ ಗೇಮ್‌ನ ಥರದ್ದೇ ಗೇಮ್ ಆಡಿದ್ದಾರಾ? ನೋಡಿದವರ ಸಂಖ್ಯೆ ಹೆಚ್ಚುಕಡಿಮೆ ಸಮವಾಗಿದೆಯಾ, ಇಲ್ಲ ಒಂದು ವಿಡಿಯೋ ಮಾತ್ರ ಮೇಲೆದ್ದಿದೆಯಾ? ಕಾಮೆಂಟ್‌ಗಳಲ್ಲಿ ಜನ ಗೇಮ್ ಬಗ್ಗೆ ಕೇಳುತ್ತಿದ್ದಾರಾ, ಸುಮ್ನೆ ಎಮೋಜಿ ಹಾಕಿ ಹೋಗುತ್ತಿದ್ದಾರಾ? ಐದು ಲಕ್ಷ ಸಬ್‌ಸ್ಕ್ರೈಬರ್‌ಗಳಿದ್ದು ಎಂಟು ಸಾವಿರ ಜನ ನೋಡುವ ಚಾನೆಲ್‌ಗಿಂತ, ಹತ್ತು ಸಾವಿರ ಸಬ್‌ಸ್ಕ್ರೈಬರ್‌ಗಳಿದ್ದು ಆರು ಸಾವಿರ ಜನ ನೋಡುವ ಚಾನೆಲ್ ಕಡೆಗೇ ನಾನು ವಾಲುತ್ತೇನೆ. ಡೆಮೊ (ಗೇಮ್‌ನ ಮಾದರಿ ತುಣುಕು) ಬಂದಾಗಲೇ ಇವರಿಗೆ ಕೊಡಿ. ಅವರ ವಿಡಿಯೋ ನೋಡಿ ವಿಶ್‌ಲಿಸ್ಟ್‌ಗೆ (ಮುಂದೆ ಕೊಳ್ಳಬೇಕೆಂದಿರುವ ಗೇಮ್‌ಗಳ ಪಟ್ಟಿಗೆ) ಹಾಕಿಕೊಂಡವರು ಕೂಡುತ್ತಾ ಬಂದ ಮೇಲೆ ದೊಡ್ಡವರಿಗೆ ಬರೆದರೆ, ತೋರಿಸಲು ಕೈಯಲ್ಲಿ ಏನಾದರೂ ಇರುತ್ತದೆ.

ಕೀ, ಅಂದರೆ ಗೇಮನ್ನು ಉಚಿತವಾಗಿ ಪಡೆಯುವ ಕೋಡ್, ಕೇಳಿ ಬರುವ ಮೇಲ್‌ಗಳ ಬಗ್ಗೆ ಎಚ್ಚರ. ಚಾನೆಲ್ ಹೆಸರು ಹೇಳಿಕೊಂಡು ಕೀ ಪಡೆದು ಬೇರೆ ಕಡೆ ಮಾರುವವರು ಇದ್ದಾರೆ. ಮೇಲ್ ವಿಳಾಸದಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಬಂದ ಮೇಲ್‌ಗೆ ಉತ್ತರಿಸಬೇಡಿ, ಚಾನೆಲ್ ಪುಟದಲ್ಲಿರುವ ವಿಳಾಸಕ್ಕೇ ಕೀ ಕಳಿಸಿ.

ಸಣ್ಣವರನ್ನು ಆರಿಸುವುದು ಅಂದರೆ ಬಿಟ್ಟಿ ಕೆಲಸ ಮಾಡಿಸಿಕೊಳ್ಳುವುದಲ್ಲ. ಇಪ್ಪತ್ತು ನಿಮಿಷದ ವಿಡಿಯೋ ಹಿಂದೆ ಎಷ್ಟೋ ಗಂಟೆ ಆಡಿದ್ದು, ಎಡಿಟ್ ಮಾಡಿದ್ದು ಇರುತ್ತದೆ. ಇಂಥ ದಿನವೇ ಹಾಕಿ, ಇಷ್ಟು ನಿಮಿಷ ಇರಲಿ ಅಂತ ಷರತ್ತು ಹಾಕುವುದಾದರೆ ದುಡ್ಡು ಕೊಡಬೇಕು. ಅದು ಪ್ರಾಯೋಜಿತ ಅಂತ ವಿಡಿಯೋ ಶುರುವಿನಲ್ಲೇ ಹೇಳಲು ಕೇಳಿಕೊಳ್ಳಬೇಕು. ದುಡ್ಡಿಲ್ಲದಿದ್ದರೆ ಮೇಲ್‌ನ ಮೊದಲ ಸಾಲುಗಳಲ್ಲೇ ಹಾಗಂತ ಬರೆಯಿರಿ: ಕೊಡಲು ಇರುವುದು ಕೀ ಒಂದೇ, ಆಡಬೇಕೆಂದೇನಿಲ್ಲ, ಆಡಿದರೆ ಅನಿಸಿದ್ದನ್ನು ಹೇಳಿ, ಬಗ್ ಕಂಡರೆ ಅದನ್ನೂ ತೋರಿಸಿ.