ಚರ್ಮದ ಮೇಲಿನ ಸೆನ್ಸರ್ ತೋರಿಸುವ ಕಾರ್ಬನ್ ಡೈಆಕ್ಸೈಡ್ ಅಂಕಿಯನ್ನು ಎಷ್ಟು ನಂಬಬಹುದು?

ಮಣಿಪಾಲದ ನಮ್ಮ ಓದಿನ ಗುಂಪಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕಿವಿಗೋ ಎದೆಗೋ ಒಂದು ಸೆನ್ಸರ್ ಅಂಟಿಸಿದರೆ ಸಾಕಾಗುವಾಗ, ಮಣಿಕಟ್ಟಿಗೆ ಚುಚ್ಚಿ ಎಬಿಜಿ (ಅಪಧಮನಿಯ ರಕ್ತದಲ್ಲಿನ ಅನಿಲಗಳ ಪರೀಕ್ಷೆ) ಯಾಕೆ ತೆಗೆಯಬೇಕು?

ಮೊದಲು ಸೆನ್ಸರ್ ಏನು ಮಾಡುತ್ತದೆ ನೋಡೋಣ. ಅದು ಚರ್ಮವನ್ನು 42ರಿಂದ 44 ಡಿಗ್ರಿವರೆಗೆ ಬಿಸಿ ಮಾಡುತ್ತದೆ. ಎಣ್ಣೆ ಸ್ನಾನದ ಬಿಸಿನೀರಿಗೆ ಮೈ ಕೆಂಪಾಗುತ್ತದಲ್ವಾ, ಹಾಗೆಯೇ ಅಲ್ಲಿನ ಸಣ್ಣ ರಕ್ತನಾಳಗಳು ಅರಳುತ್ತವೆ. ಅಲ್ಲಿನ ರಕ್ತ ಅಪಧಮನಿಯ ರಕ್ತಕ್ಕೆ ಹತ್ತಿರವಾಗುತ್ತದೆ. ಅನಿಲ ಚರ್ಮ ದಾಟಿ, ಸೆನ್ಸರಿನ ತೆಳು ಪೊರೆ ದಾಟಿ, ಒಳಗಿನ ದ್ರಾವಣದಲ್ಲಿ ಕರಗುತ್ತದೆ. ದ್ರಾವಣದ ಪಿಎಚ್ ಇಳಿಯುತ್ತದೆ, ಅಂದರೆ ಹುಳಿ ಹೆಚ್ಚುತ್ತದೆ; ಅದನ್ನು ಅಳೆದು ಯಂತ್ರ ಅನಿಲದ ಅಂಕಿ ಕೊಡುತ್ತದೆ. 1958ರಲ್ಲಿ ಅಮೆರಿಕದ ವೈದ್ಯ ಸೆವರಿಂಗ್‌ಹಾಸ್ ಹದಗೊಳಿಸಿದ ಎಲೆಕ್ಟ್ರೋಡಿನ ತತ್ವವೇ ಇದು.

ಇಲ್ಲೊಂದು ಲೆಕ್ಕವಿದೆ, ಸ್ವಲ್ಪ ನಿಧಾನವಾಗಿ ಓದಿ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡಿನ ಒತ್ತಡ 40 ಮಿ.ಮೀ. ಪಾದರಸ ಇದೆ ಅಂದುಕೊಳ್ಳಿ. ಚರ್ಮದ ಜೀವಕೋಶಗಳೇ ಸುಮಾರು 5 ಸೇರಿಸುತ್ತವೆ. ಮೈಯ ಬಿಸಿಗಿಂತ ಮೇಲೆ ಏರಿಸಿದ ಪ್ರತಿ ಡಿಗ್ರಿಗೆ ಒತ್ತಡ ಸುಮಾರು ಶೇ. 4.5 ಹೆಚ್ಚುತ್ತದೆ. 43 ಡಿಗ್ರಿಯಲ್ಲಿ ಸೆನ್ಸರಿಗೆ ಸಿಗುವುದು ಸುಮಾರು 58! ಯಂತ್ರ ಸೂತ್ರ ಹಾಕಿ ಅದನ್ನು 40ಕ್ಕೆ ಇಳಿಸುತ್ತದೆ. ಆ 5 ಎಲ್ಲರಿಗೂ ಒಂದೇ ಎಂದು ಸೂತ್ರ ನಂಬಿದೆ. ಶಾಕ್‌ನಲ್ಲಿರುವ (ಮೈಯ ರಕ್ತಸಂಚಾರವೇ ಕುಸಿದ) ರೋಗಿಯ ಚರ್ಮಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಅನಿಲ ಅಲ್ಲೇ ನಿಲ್ಲುತ್ತದೆ. ಆಗ ಅಂಕಿ ನಿಜಕ್ಕಿಂತ ಜಾಸ್ತಿ ಬರುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಇಲ್ಲಿದೆ.

ಇನ್ನು ನಂಬಿಕೆಯ ಮಾತು. 2019ರಲ್ಲಿ 'ಥೊರಾಕ್ಸ್' ಪತ್ರಿಕೆಯಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿದ ವಿಶ್ಲೇಷಣೆ ಬಂತು. ಎಬಿಜಿಗೂ ಸೆನ್ಸರಿಗೂ ಸರಾಸರಿ ವ್ಯತ್ಯಾಸ ಹೆಚ್ಚುಕಡಿಮೆ ಸೊನ್ನೆ. ಆದರೆ ಹರವು ಆಚೆ ಈಚೆ 15 ಮಿ.ಮೀ. ಉಡುಪಿಯಿಂದ ಮಂಗಳೂರಿಗೆ ಹೋಗುವ ಬಸ್ಸು ಒಂದು ದಿನ 15 ನಿಮಿಷ ಬೇಗ, ಇನ್ನೊಂದು ದಿನ 15 ನಿಮಿಷ ತಡ ಬಂದರೂ ಸರಾಸರಿ ಸೊನ್ನೆಯೇ ಮಾರಾಯ್ರೆ. ಸ್ಟಾಪಿನಲ್ಲಿ ನಿಂತವರಿಗೆ ಆ ಸೊನ್ನೆಯಿಂದ ಏನು ಉಪಯೋಗ? ಸಾಮಾನ್ಯವಾಗಿ 7.5 ಮಿ.ಮೀ. ಒಳಗಿನ ವ್ಯತ್ಯಾಸ ಇದ್ದರೆ ನಡೆಯುತ್ತದೆ ಅನ್ನುತ್ತಾರೆ. ಪರದೆಯಲ್ಲಿ 50 ಇದ್ದು ರಕ್ತದಲ್ಲಿ 35 ಇರಬಹುದು, 65 ಕೂಡ ಇರಬಹುದು. ಒಂದು ಸಹಜ, ಇನ್ನೊಂದು ಅಪಾಯ.

ಹಾಗಂತ ಸೆನ್ಸರ್ ಬೇಡ ಅನ್ನಲಾರೆ. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಮೈಯಲ್ಲಿ ಇರುವುದೇ ಸ್ವಲ್ಪ ರಕ್ತ. ಪ್ರತಿ ಸಲ ಚುಚ್ಚುವುದು ತಪ್ಪಿದರೆ ಅದೇ ದೊಡ್ಡ ಲಾಭ. ಚರ್ಮ ಮಾತ್ರ ಸುಡಬಾರದು, ಜಾಗ ಬದಲಿಸುತ್ತಿರಬೇಕು. ಮಾಸ್ಕ್‌ನಲ್ಲಿ ಬೈಪ್ಯಾಪ್ (ಒತ್ತಡದಿಂದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಯಂತ್ರ) ಹಾಕಿದವರಲ್ಲಿ ಗಾಳಿ ಸೋರುವುದರಿಂದ ಉಸಿರಿನಿಂದ ಅಳೆಯುವುದು ಕಷ್ಟ, ಅಲ್ಲೂ ಇದು ಕೈಹಿಡಿಯುತ್ತದೆ.

ಬಳಸುವ ರೀತಿ ಹೀಗೆ: ಅಂಟಿಸಿ, 10–15 ನಿಮಿಷ ಕಾಯಿರಿ. ಒಂದು ಎಬಿಜಿ ತೆಗೆದು ಎರಡರ ಅಂತರ ಬರೆದಿಡಿ. ಆಮೇಲೆ ಏರಿಳಿತ ಗಮನಿಸಿ. ಅಂಕಿ ಇದ್ದಕ್ಕಿದ್ದಂತೆ ಕುಸಿದರೆ ರೋಗಿಯನ್ನು ನೋಡಿ, ಜೊತೆಗೆ ಅಂಟನ್ನೂ ನೋಡಿ. ನಮ್ಮ ಕರಾವಳಿಯ ಸೆಖೆಯಲ್ಲಿ ಬೆವರಿಗೆ ಅದು ಸಡಿಲವಾಗಿ ಹೊರಗಿನ ಗಾಳಿ ಒಳಗೆ ಹೋಗಿರಬಹುದು.